ಬೂಸ್ಟ್ ಗೇಜಿನ ಸೊನ್ನೆ ಎಲ್ಲಿದೆ?

ಆಲುವದ ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಗಾಳಿ ಹಾಕಿಸುವವರು ‘ಮುಪ್ಪತ್ತಿರಂಡ್’ ಎನ್ನುತ್ತಾರೆ, ಹಾಸನದಲ್ಲಿ ‘ಮೂವತ್ತೆರಡು’. ಪಿಎಸ್‌ಐ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾದ್ದೂ ಇಲ್ಲ. ಅದೇ ರೂಢಿಯಲ್ಲಿ ಟರ್ಬೊ ಕಾರಿಗೆ ಬೂಸ್ಟ್ ಗೇಜ್ ಕೊಳ್ಳಲು ಹೊರಟರೆ ಮಾತ್ರ ಫಜೀತಿ. ಒಂದರ ಮೇಲೆ ಬಾರ್, ಇನ್ನೊಂದರ ಮೇಲೆ ಪಿಎಸ್‌ಐ, ಜಪಾನಿನ ಹಳೆಯ ಗೇಜಾದರೆ ಚದರ ಸೆಂಟಿಮೀಟರಿಗೆ ಇಷ್ಟು ಕೆ.ಜಿ.

ಈ ಲೆಕ್ಕ ದೊಡ್ಡದೇನಲ್ಲ. ಒಂದು ಬಾರ್ ಎಂದರೆ 100 ಕಿಲೋಪ್ಯಾಸ್ಕಲ್, 14.5 ಪಿಎಸ್‌ಐ. ಗ್ಯಾರೇಜಿನವರು ಹೇಳುವ ‘ಒಂದು ಕೆ.ಜಿ.’ 0.98 ಬಾರ್, ಮುಳ್ಳಿನ ಮೇಲೆ ಆ ವ್ಯತ್ಯಾಸ ಕಣ್ಣಿಗೇ ಬೀಳದು. ಕಾರಿನ ಕೈಪಿಡಿ ಯಾವ ಮಾನದಲ್ಲಿದೆಯೋ ಅದರದೇ ಗೇಜ್ ತಂದರೆ ಅಷ್ಟೂ ತಾಪತ್ರಯವಿಲ್ಲ. ಜನ ಎಡವುವುದು ಮಾನದಲ್ಲಲ್ಲ, ಸೊನ್ನೆಯಲ್ಲಿ.

ಬೂಸ್ಟ್ ಗೇಜಿನ ಸೊನ್ನೆ ಎಂದರೆ ಸುತ್ತಲಿನ ಗಾಳಿಯ ಒತ್ತಡ. ಇಂಜಿನ್ನಿನ ಕಂಪ್ಯೂಟರು ಮ್ಯಾನಿಫೋಲ್ಡಿನ ಒತ್ತಡವನ್ನು ಎಣಿಸುವುದು ಪೂರ್ತಿ ನಿರ್ವಾತದಿಂದ. (ಮಲಯಾಳದ ‘ಮರ್ದಂ’ ಆಗಲಿ ಕನ್ನಡದ ‘ಒತ್ತಡ’ವಾಗಲಿ ಎಷ್ಟು ಎಂಬುದಕ್ಕೆ ಸಾಕು, ಎಲ್ಲಿಂದ ಎಂಬುದಕ್ಕೆ ಸಾಲದು.) ಸಮುದ್ರಮಟ್ಟಕ್ಕೆ ಹತ್ತಿರದ ಆಲುವದಲ್ಲಿ ಓಬಿಡಿ ಸಾಧನ 180 ಕಿಲೋಪ್ಯಾಸ್ಕಲ್ ತೋರಿಸಿತೆನ್ನಿ. ಅದನ್ನು 1.8 ಬಾರ್, 26 ಪಿಎಸ್‌ಐ ಬೂಸ್ಟ್ ಎಂದು ಓದಿದರೆ ಗುಣಾಕಾರ ಸರಿ, ಉತ್ತರ ತಪ್ಪು. ಅದರಲ್ಲಿ 101 ವಾತಾವರಣದ್ದು. ಟರ್ಬೊ ಕೊಟ್ಟದ್ದು 79, ಹೆಚ್ಚುಕಡಿಮೆ 11.5 ಪಿಎಸ್‌ಐ. ಇದನ್ನು ತಿಳಿಯದೆ ಬೂಸ್ಟ್ ಕಂಟ್ರೋಲರನ್ನು ತಿರುಗಿಸಿ ಗೇಜಿನ ಮುಳ್ಳನ್ನೇ 1.8ಕ್ಕೆ ಏರಿಸಲು ಹೊರಟವರು ಪಿಸ್ಟನ್ನಿನ ಆಸೆ ಬಿಡಬೇಕಾದೀತು.

ಹೀಗಿದ್ದೂ ಗೇಜಿನ ಪೆಟ್ಟಿಗೆಯ ಮೇಲೆ ಮಾನದ ಹೆಸರು ದಪ್ಪಕ್ಷರದಲ್ಲಿರುತ್ತದೆ, ಸೊನ್ನೆಯ ವಿಷಯ ಎಲ್ಲೋ ಸಣ್ಣಕ್ಷರದಲ್ಲಿ. ತಯಾರಕರು ಅದನ್ನು ಡಯಲ್ಲಿನ ಮೇಲೇ ಅಚ್ಚು ಹಾಕಬೇಕು. ಡಯಲ್ಲಿನ ಅರ್ಧವನ್ನು ನಿರ್ವಾತದ ಗೆರೆಗಳಿಗೆ ಮೀಸಲಿಟ್ಟ ಗೇಜನ್ನು ಡೀಸೆಲ್ ಕಾರಿಗೆ ಮಾರುವುದನ್ನೂ ನಿಲ್ಲಿಸಿದರೆ ಒಳ್ಳೆಯದು. ಅಲ್ಲಿ ಆ ಅರ್ಧಕ್ಕೆ ಕೆಲಸವೇ ಇಲ್ಲ.

ಅಲ್ಲಿಯವರೆಗೆ ಪರೀಕ್ಷೆಗೆ ಆಲುವ–ಮುನ್ನಾರ್ ರಸ್ತೆ ಇದೆ. ಸುಮಾರು 1,500 ಮೀಟರ್ ಎತ್ತರದ ಮುನ್ನಾರಿನಲ್ಲಿ ಗಾಳಿಯ ಒತ್ತಡ 85 ಕಿಲೋಪ್ಯಾಸ್ಕಲ್ ಆಸುಪಾಸು. ಅಲ್ಲಿ ಗೇಜ್ 0.8 ಬಾರ್ ತೋರಿಸಿದರೂ ಇಂಜಿನ್ನಿಗೆ ಸಿಗುವುದು ಒಟ್ಟು 165 ಮಾತ್ರ, ಆಲುವದ 181 ಅಲ್ಲ. ಇಂಜಿನ್ ನಿಲ್ಲಿಸಿ, ಕೀಲಿ ಆನ್‌ನಲ್ಲೇ ಬಿಟ್ಟು ಮುಳ್ಳನ್ನು ನೋಡಬೇಕು. ಸೊನ್ನೆಯಲ್ಲಿ ನಿಂತರೆ ಅದು ಸುತ್ತಲಿನ ಗಾಳಿಯನ್ನು ನೋಡಿಯೇ ಅಳೆಯುತ್ತಿದೆ. ಸೊನ್ನೆಗಿಂತ 0.15 ಬಾರಿನಷ್ಟು ಕೆಳಗಿಳಿದಿದ್ದರೆ, ಘಟ್ಟ ಹತ್ತಿದ ಮೇಲೂ ಅದು ಸಮುದ್ರಮಟ್ಟದ 101ನ್ನೇ ಕಳೆಯುತ್ತ ಕೂತಿದೆ.