ಚಳ್ಳಕೆರೆ–ಮೊಳಕಾಲ್ಮೂರು ರೋಡ್ ಟ್ರಿಪ್: ಪೆಟ್ರೋಲ್ ಟ್ಯಾಂಕ್ ಸಿಡಿಯುತ್ತದೆಯೇ? ನಿಜಕ್ಕೂ ಹೆದರಬೇಕಾದ್ದು ಯಾವುದಕ್ಕೆ?

ಬೇಸಿಗೆ ರಜೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಒಂದು, ಎರಡೇ ದಿನದಲ್ಲಿ ನೋಡಿ ಬರಬಹುದಾದ ಜಾಗಗಳ ಪಟ್ಟಿ. ಇನ್ನೊಂದು, "ಎಚ್ಚರ! ಬಿಸಿಲಲ್ಲಿ ಪೆಟ್ರೋಲ್ ಟ್ಯಾಂಕ್ ಪೂರ್ತಿ ತುಂಬಿಸಬೇಡಿ, ಸಿಡಿಯುತ್ತದೆ" ಎಂಬಂಥ ಎಚ್ಚರಿಕೆ. ಮೊದಲನೆಯದನ್ನು ನೋಡಿ ಹೊರಡುತ್ತೇವೆ. ಎರಡನೆಯದನ್ನು ನೋಡಿ ಅರ್ಧ ಟ್ಯಾಂಕ್ ಹಾಕಿಸುತ್ತೇವೆ. ಆದರೆ ಮಧ್ಯಾಹ್ನ ಎರಡು ಗಂಟೆಗೆ, ಒಂದೇ ಬಾಟಲಿ ನೀರು ಹಿಡಿದು, ಮಕ್ಕಳನ್ನು ಕರೆದುಕೊಂಡು ಬೆಟ್ಟ ಹತ್ತಲು ಹೊರಡುವುದು ನಮಗೆ ಅಪಾಯ ಅನ್ನಿಸುವುದೇ ಇಲ್ಲ.

ಸಮಸ್ಯೆ ಇರುವುದು ಇಲ್ಲೇ. ಸುಳ್ಳು ಎಚ್ಚರಿಕೆಗಳು ತಪ್ಪು ಮಾಹಿತಿ ಕೊಡುವುದಷ್ಟೇ ಅಲ್ಲ, ನಿಜವಾದ ಅಪಾಯದ ಕಡೆ ಇರಬೇಕಾದ ನಮ್ಮ ಗಮನವನ್ನೂ ಬೇರೆಡೆಗೆ ಎಳೆಯುತ್ತವೆ. ಇದನ್ನು ಅರ್ಥ ಮಾಡಿಕೊಳ್ಳಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಈ ದಾರಿಯಲ್ಲಿ ಏನಿದೆ?

ಬೆಂಗಳೂರಿನಿಂದ ಹಿರಿಯೂರು ಮಾರ್ಗವಾಗಿ ಚಳ್ಳಕೆರೆಗೆ ಸುಮಾರು 200 ಕಿಲೋಮೀಟರ್. ಅಲ್ಲಿಂದ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋಗಿ ಮೊಳಕಾಲ್ಮೂರು ತಲುಪಲು ಇನ್ನೂ 55 ಕಿಲೋಮೀಟರ್ ಆಸುಪಾಸು.

ಚಳ್ಳಕೆರೆ ಕಡಲೆಕಾಯಿ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಹತ್ತಿರದಲ್ಲೇ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ದೇವಸ್ಥಾನವಿದೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಊರಿನ ಬಳಿ ನುಂಕೆಮಲೆ ಬೆಟ್ಟ. ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಸಾಮ್ರಾಟ ಅಶೋಕನ ಬಂಡೆ ಶಾಸನಗಳಿವೆ. ಇವನ್ನು 1892ರಲ್ಲಿ ಬೆಳಕಿಗೆ ತಂದವರು ಬಿ.ಎಲ್. ರೈಸ್. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು.

ಹಳೆಯದರ ಪಕ್ಕದಲ್ಲೇ ಹೊಸದೂ ಇದೆ. ಚಳ್ಳಕೆರೆ ತಾಲ್ಲೂಕಿನ ಡಿ.ಆರ್.ಡಿ.ಓ. ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ವಾಹನ ತಾನಾಗಿಯೇ ರನ್‌ವೇಗೆ ಇಳಿಯಿತು. ಹೆಲಿಕಾಪ್ಟರೊಂದು ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಇಂಥ ಜಾಗಗಳ ಹತ್ತಿರ ಡ್ರೋನ್ ಹಾರಿಸುವ, ಬೇಲಿಯ ಬಳಿ ವಿಡಿಯೋ ಮಾಡುವ ಸಾಹಸ ಬೇಡ. ಅಮೃತಮಹಲ್ ಕಾವಲುಗಳ ಒಂದಷ್ಟು ಭಾಗಕ್ಕೆ ಈಗ ಗೋಡೆ, ಬೇಲಿ ಬಂದಿರುವುದರಿಂದ ಹಳೆಯ ಬಂಡಿದಾರಿಗಳು ಎಲ್ಲಿ ಬೇಕಾದರೂ ಮುಗಿದುಹೋಗಬಹುದು. ಮೊಬೈಲ್ ಮ್ಯಾಪ್ ತೋರಿಸಿದ ಶಾರ್ಟ್‌ಕಟ್ ನಂಬಿ ಕಾವಲಿನೊಳಗೆ ಗಾಡಿ ಇಳಿಸುವ ಮೊದಲು ಊರಿನವರನ್ನು ಒಂದು ಮಾತು ಕೇಳಿ. ಬಂಜರಿನಂತೆ ಕಾಣುವ ಆ ಹುಲ್ಲುಗಾವಲು ಕೃಷ್ಣಮೃಗಗಳು ಮೇಯುವ, ಹಕ್ಕಿಗಳು ನೆಲದಲ್ಲೇ ಮೊಟ್ಟೆ ಇಡುವ ಜಾಗ.

ಉಷ್ಣವಲಯ ಎಂದರೆ ಹಸಿರು ಕಾಡು ಅಂತಲೇ?

ಇದು ನಾವೆಲ್ಲ ಸಾಮಾನ್ಯವಾಗಿ ಮಾಡುವ ತಪ್ಪು ಕಲ್ಪನೆ. ಉಷ್ಣವಲಯ ಎಂದಾಕ್ಷಣ ಆಗುಂಬೆಯಂಥ ಮಳೆಕಾಡು ಕಣ್ಮುಂದೆ ಬರುತ್ತದೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಎಲ್ಲ ಪ್ರದೇಶವೂ ಉಷ್ಣವಲಯವೇ. ಅಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಚಳ್ಳಕೆರೆ ಇರುವ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಹೀಗಾಗುತ್ತದೆ. ಅಂದರೆ ನಾವು ರಜೆಗೆ ಹೊರಡುವ ಹೊತ್ತಿಗೇ ನೆರಳು ಅತ್ಯಂತ ಚಿಕ್ಕದಾಗಿರುತ್ತದೆ.

ಮಳೆಯ ಲೆಕ್ಕ ಮಾತ್ರ ಬೇರೆ. ಪಶ್ಚಿಮ ಘಟ್ಟ ಮುಂಗಾರು ಮೋಡಗಳನ್ನು ತಡೆದು ಬಹುಪಾಲು ನೀರನ್ನು ತನ್ನ ಮೇಲೆಯೇ ಸುರಿಸಿಕೊಳ್ಳುತ್ತದೆ. ಅದರ ಹಿಂದಿನ ಮಳೆನೆರಳಿನಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಇವೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಾಗ ಎಂದು ಭೂಗೋಳದ ಪಾಠಗಳಲ್ಲಿ ಓದಿದ ನಾಯಕನಹಟ್ಟಿ ಇರುವುದು ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ. ಆಗುಂಬೆಯಿಂದ ಚಳ್ಳಕೆರೆಗೆ ಹಕ್ಕಿ ಹಾರುವ ದೂರ 200 ಕಿಲೋಮೀಟರ್‌ಗಿಂತ ಕಡಿಮೆ. ಅಷ್ಟರಲ್ಲೇ ಲೋಕ ಬದಲಾಗಿರುತ್ತದೆ.

ಒಣ ಬಿಸಿಲಿಗೆ ಇನ್ನೊಂದು ಮೋಸವಿದೆ. ಕರಾವಳಿಯಲ್ಲಿ ಬೆವರು ಮೈಗೆ ಅಂಟಿಕೊಂಡು ಹಿಂಸೆಯಾಗುತ್ತದೆ, ಹಾಗಾಗಿ ನೀರು ಕುಡಿಯುವುದು ನೆನಪಾಗುತ್ತದೆ. ಇಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಬೈಕಿನಲ್ಲಿ ಗಾಳಿಗೆ ಮೈಯೊಡ್ಡಿ ಹೋಗುವಾಗಲಂತೂ ಬೆವರಿದ್ದೇ ಗೊತ್ತಾಗುವುದಿಲ್ಲ. ದೇಹದಿಂದ ನೀರು, ಉಪ್ಪು ಹೋಗುತ್ತಲೇ ಇರುತ್ತದೆ, ನಾವು ಮಾತ್ರ "ಅಷ್ಟೇನೂ ಸೆಕೆ ಇಲ್ಲ" ಅಂದುಕೊಳ್ಳುತ್ತೇವೆ. ಹವಾಮಾನ ವರದಿಯ 39 ಡಿಗ್ರಿ ಎಂಬುದೂ ನೆರಳಿನಲ್ಲಿ ಅಳೆದ ಗಾಳಿಯ ಉಷ್ಣಾಂಶ. ಬಿಸಿಲಿಗೆ ಕಾದ ಡಾಂಬರು, ಬಂಡೆಗಳ ಮೇಲ್ಮೈ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗಿರುತ್ತದೆ.

ಈಗ ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ

"ಫುಲ್ ಟ್ಯಾಂಕ್ ಮಾಡಿದರೆ ಬಿಸಿಲಿಗೆ ಸಿಡಿಯುತ್ತದೆ": ಸುಳ್ಳು. ಇಂಡಿಯನ್ ಆಯಿಲ್ ಹೆಸರಿನಲ್ಲೇ ಓಡಾಡುತ್ತಿದ್ದ ಈ ಸಂದೇಶವನ್ನು ಆ ಕಂಪನಿಯೇ ಸಾರ್ವಜನಿಕವಾಗಿ ಅಲ್ಲಗಳೆದಿದೆ. ಕಿಡಿ ಇಲ್ಲದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಯಾವ ಊರಿನ ಬಿಸಿಲೂ ಅದರ ಹತ್ತಿರ ಹೋಗುವುದಿಲ್ಲ. ಪಂಪ್ ತಾನಾಗಿ ಕ್ಲಿಕ್ ಆಗಿ ನಿಂತ ಮೇಲೂ ಒತ್ತಾಯದಿಂದ ತುಂಬಿಸಬೇಡಿ, ಇಂಧನ ಹಿಗ್ಗಲು ಬಿಟ್ಟಿರುವ ಜಾಗ ಅದು. ಅಷ್ಟು ಸಾಕು. ಹೆದ್ದಾರಿ ಬಿಟ್ಟು ಹಳ್ಳಿ ದಾರಿ ಹಿಡಿದರೆ ಬಂಕ್ ಸಿಗುವುದು ತಡವಾಗಬಹುದು. ಹೀಗಾಗಿ ಇಲ್ಲಿ ಅರ್ಧ ಟ್ಯಾಂಕೇ ಹೆಚ್ಚು ಅಪಾಯ.

"ಬೇಸಿಗೆಯಲ್ಲಿ ಟೈರಿಗೆ ಗಾಳಿ ಕಡಿಮೆ ಹಾಕಿಸಿ": ಇದು ಅಪಾಯಕಾರಿ ಸಲಹೆ. ಬಿಸಿಯಾದರೆ ಟೈರಿನ ಒತ್ತಡ ಏರುವುದು ನಿಜ, 10 ಡಿಗ್ರಿಗೆ ಸುಮಾರು ಒಂದೂವರೆ ಪಿ.ಎಸ್.ಐ. ಆದರೆ ಕಂಪನಿ ಹೇಳುವ ಒತ್ತಡದಲ್ಲಿ ಈ ಏರಿಕೆಯ ಲೆಕ್ಕ ಸೇರಿರುತ್ತದೆ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತವೆ. ಬಾಗಿದಷ್ಟೂ ಒಳಗೆ ಶಾಖ ಹುಟ್ಟುತ್ತದೆ. ವೇಗದಲ್ಲಿ ಟೈರ್ ಸಿಡಿಯಲು ಇದೊಂದು ಮುಖ್ಯ ಕಾರಣ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ, ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲೋ ಕೈಪಿಡಿಯಲ್ಲೋ ಬರೆದಿರುವಷ್ಟು ಗಾಳಿ ಹಾಕಿಸಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ಹಳೆಯ ಟೈರಾಗಿದ್ದರೆ ಹೊರಡುವ ಮೊದಲೇ ತೋರಿಸಿಕೊಳ್ಳಿ.

"ಕಾರು ಹತ್ತಿದ ಕೂಡಲೇ ಎಸಿ ಹಾಕಿದರೆ ಬೆಂಜೀನ್ ಬಂದು ಕ್ಯಾನ್ಸರ್ ಆಗುತ್ತದೆ": ಹೀಗೆ ಕ್ಯಾನ್ಸರ್ ಬರುತ್ತದೆ ಎನ್ನಲು ಪುರಾವೆ ಇಲ್ಲ. ಕಿಟಕಿ ಇಳಿಸಿ ಒಂದೆರಡು ನಿಮಿಷ ಬಿಸಿಗಾಳಿ ಹೊರಹೋಗಲು ಬಿಡುವುದು ಒಳ್ಳೆಯದೇ, ಕಾರು ಬೇಗ ತಂಪಾಗುತ್ತದೆ. ಆದರೆ ನಿಲ್ಲಿಸಿದ ಕಾರಿನ ನಿಜವಾದ ಅಪಾಯ ಬೇರೆ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಮೊದಲ 10 ನಿಮಿಷದಲ್ಲೇ ಉಷ್ಣಾಂಶ ಸುಮಾರು 10 ಡಿಗ್ರಿ ಏರಬಹುದು. ಕಿಟಕಿ ಒಂದಿಷ್ಟು ತೆರೆದಿಟ್ಟರೂ ಹೆಚ್ಚು ಪ್ರಯೋಜನವಿಲ್ಲ. ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಬಿಸಿಯಾಗುತ್ತದೆ. "ಮಗು ಮಲಗಿದೆ, ಐದು ನಿಮಿಷ ದರ್ಶನ ಮಾಡಿ ಬರೋಣ" ಎಂದು ಮಗುವನ್ನು ಕಾರಿನಲ್ಲೇ ಬಿಟ್ಟು ಹೋಗುವುದು ಜೀವಕ್ಕೇ ಎರವಾಗಬಹುದು. ಬೆಂಜೀನ್ ಬಗ್ಗೆ ಎಷ್ಟು ಫಾರ್ವರ್ಡ್ ಬಂದಿವೆ, ಇದರ ಬಗ್ಗೆ ಎಷ್ಟು ಬಂದಿವೆ, ನೀವೇ ಯೋಚಿಸಿ.

"ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ" ಮತ್ತು "ಜೇಬಿನಲ್ಲಿ ಈರುಳ್ಳಿ ಇದ್ದರೆ ಬಿಸಿಲು ತಟ್ಟುವುದಿಲ್ಲ": ಎರಡೂ ಸುಳ್ಳು. ಬಿಸಿಲಿನ ಹೊಡೆತಕ್ಕೆ ವೈದ್ಯರು ಮಾಡುವ ಮೊದಲ ಚಿಕಿತ್ಸೆಯೇ ದೇಹವನ್ನು ಬೇಗ ತಂಪು ಮಾಡುವುದು. ಇನ್ನು ಈರುಳ್ಳಿಯನ್ನು ಊಟಕ್ಕೆ ಇಟ್ಟುಕೊಳ್ಳಿ, ಜೇಬಿನಲ್ಲಿ ಬೇಡ.

ಹಾಗಾದರೆ ನಿಜವಾದ ಅಪಾಯ ಯಾವುದು?

ಬಿಸಿಲಿನ ಆಯಾಸ ಮೊದಲು ಬರುತ್ತದೆ. ತಲೆಸುತ್ತು, ವಾಕರಿಕೆ, ಕಾಲು ಸೆಳೆತ, ಗಾಢ ಹಳದಿ ಮೂತ್ರ ಇದರ ಗುರುತುಗಳು. ಈ ಹಂತದಲ್ಲೇ ನೆರಳಿಗೆ ಹೋಗಿ, ಬಟ್ಟೆ ಸಡಿಲಿಸಿ, ಓ.ಆರ್.ಎಸ್. ಕುಡಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ.

ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು, ಮೈ ಕೆಂಡದಂತೆ ಸುಡುವುದು ಕಂಡರೆ ಅದು ಬಿಸಿಲಿನ ಹೊಡೆತ. ದೇಹದ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ, ಪ್ರತಿ ನಿಮಿಷವೂ ಮುಖ್ಯ. 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ಸುಮ್ಮನೆ ಕೂರಬೇಡಿ. ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತಲೇ ಇರಿ. ಕತ್ತು, ಕಂಕುಳಲ್ಲಿ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರುಗಟ್ಟಬಹುದು.

ಎರಡನೆಯ ಅಪಾಯ ಹಾವು. ಒಣ ಕಲ್ಲುಗುಡ್ಡಗಳು ಗರಗಸ ಮಂಡಲದಂಥ ವಿಷದ ಹಾವುಗಳಿಗೆ ಇಷ್ಟದ ಜಾಗ. ಕಾಣದ ಸಂದಿಯಲ್ಲಿ ಕೈ ಇಡಬೇಡಿ, ಚಪ್ಪಲಿ ಬದಲು ಶೂ ಹಾಕಿ, ಮುಸ್ಸಂಜೆ ಮೇಲೆ ಟಾರ್ಚ್ ಇಲ್ಲದೆ ನಡೆಯಬೇಡಿ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಿ, ಔಷಧಿ ಇರುವುದು ಅಲ್ಲಿ ಮಾತ್ರ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ವಿಷಯ ಅಷ್ಟು ಗಂಭೀರ.

ದಾರಿಯಲ್ಲಿ ದೂರಕ್ಕೆ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆಗೆ ಮಾತ್ರ ಹೆದರಬೇಕಿಲ್ಲ. ರಸ್ತೆಗೆ ತಾಗಿದ ಬಿಸಿಗಾಳಿಯಲ್ಲಿ ಬೆಳಕು ಬಾಗಿ, ಆಕಾಶವೇ ನೆಲದ ಮೇಲೆ ಕಂಡಂತಾಗುತ್ತದೆ ಅಷ್ಟೆ. ಆದರೆ ಎದುರಿನ ಗಾಡಿಯ ದೂರ ಅಂದಾಜಿಗೆ ಸಿಗದೆ ಹೋಗಬಹುದು, ಓವರ್‌ಟೇಕ್ ಮಾಡುವಾಗ ನೆನಪಿರಲಿ.

ಪ್ಲಾನ್ ಮಾಡುವುದು ಹೇಗೆ? ದೂರದಿಂದಲ್ಲ, ಸೂರ್ಯನಿಂದ

ನಾವೆಲ್ಲ "ಎಷ್ಟು ಕಿಲೋಮೀಟರ್, ಎಷ್ಟು ಜಾಗ" ಎಂದು ಲೆಕ್ಕ ಹಾಕುತ್ತೇವೆ. ಇಂಥ ಒಣನಾಡಿನಲ್ಲಿ ಮೊದಲು ಬೆಳಿಗ್ಗೆ 11ರಿಂದ ಸಂಜೆ 4ರವರೆಗಿನ ಹೊತ್ತನ್ನು ಹೊಡೆದುಹಾಕಿ. ಉಳಿದದ್ದರಲ್ಲಿ ಪ್ರವಾಸ ಹೊಂದಿಸಿ.

ಮೊದಲ ದಿನ ಬೆಂಗಳೂರನ್ನು 5 ಗಂಟೆಗೆ ಬಿಟ್ಟರೆ ಹಿರಿಯೂರಿನ ಬಳಿ ತಿಂಡಿ, 9ರ ಹೊತ್ತಿಗೆ ಚಳ್ಳಕೆರೆ, ಬಳಿಕ ನಾಯಕನಹಟ್ಟಿ. ಮಧ್ಯಾಹ್ನ ಊಟ, ವಿಶ್ರಾಂತಿ. ಬೇಗ ಎದ್ದವರಿಗೆ ಊಟವಾದ ಮೇಲೆ ಸ್ಟೀರಿಂಗ್ ಹಿಂದೆ ತೂಕಡಿಕೆ ಬರುವುದರಿಂದಲೂ ಈ ವಿಶ್ರಾಂತಿ ಬೇಕು. ಮೊಳಕಾಲ್ಮೂರಿನ ಮಗ್ಗಗಳನ್ನು ಸೂರಿನಡಿಯೇ ನೋಡಬಹುದು, ಬಿಸಿಲು ಹೊತ್ತಿಗೆ ಅದು ಸರಿಯಾದ ಕೆಲಸ. ಸಂಜೆ ನುಂಕೆಮಲೆ. ಎರಡನೆಯ ದಿನ 6 ಗಂಟೆಗೇ ಬ್ರಹ್ಮಗಿರಿ, ಆಮೇಲೆ ಜಟಿಂಗ ರಾಮೇಶ್ವರದ ಮೆಟ್ಟಿಲು. ಬಿಸಿಲೇರುವ ಮೊದಲು ಕೆಳಗಿಳಿಯಿರಿ. ಬೈಕಿನವರು ವಾಪಸು ಹೊರಡುವುದಕ್ಕೆ 4ರವರೆಗೆ ಕಾಯುವುದು ಒಳ್ಳೆಯದು.

ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು, ನಾಲ್ಕೈದು ಓ.ಆರ್.ಎಸ್. ಪೊಟ್ಟಣ, ಹತ್ತಿಯ ತುಂಬುತೋಳಿನ ಬಟ್ಟೆ, ಟೋಪಿ, ಸ್ಟೆಪ್ನಿ, ಟಾರ್ಚ್ ಇರಲಿ. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿ ಸಹಾಯಕ್ಕೆ 1033. ಸಾಧ್ಯವಾದರೆ ಪ್ರವಾಸವನ್ನೇ ನವೆಂಬರ್–ಫೆಬ್ರವರಿಗೆ ಇಟ್ಟುಕೊಳ್ಳಿ.

ಕೊನೆಗೊಂದು ಮಾತು. ರಸ್ತೆ ಬದಿ ನೆರಳಿಗೆ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ಚಿಕಿತ್ಸೆಗೆ ವ್ಯವಸ್ಥೆ ಮಾಡಿದ್ದನ್ನು ಅಶೋಕ ತನ್ನ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಇದು ಬ್ರಹ್ಮಗಿರಿಯ ಬಂಡೆಯ ಮೇಲಿದೆ ಎಂದು ಫಾರ್ವರ್ಡ್ ಮಾಡಬೇಡಿ, ಅದು ಬೇರೆ ಕಡೆಯ ಶಾಸನಗಳ ಮಾತು. ಬ್ರಹ್ಮಗಿರಿಯಲ್ಲಿರುವುದು ತಂದೆತಾಯಿಯ ಸೇವೆ, ಜೀವಿಗಳ ಮೇಲೆ ದಯೆ, ಸತ್ಯ ನುಡಿಯುವುದು ಇಂಥ ವಿಷಯಗಳು. ಆದರೂ ಪಟ್ಟಿ ಸರಿಯಾಗಿಯೇ ಇದೆ. ಎರಡು ಸಾವಿರ ವರ್ಷಗಳ ಹಿಂದೆಯೂ ದಾರಿಹೋಕರಿಗೆ ಬೇಕಾಗಿದ್ದು ನೆರಳು, ನೀರು, ಔಷಧ. ಇಂದಿಗೂ ಅಷ್ಟೇ. ನಿಮ್ಮ ಗುಂಪಿನಲ್ಲಿ ಯಾರಾದರೂ ಟ್ಯಾಂಕ್ ಸಿಡಿಯುವ ಸಂದೇಶ ಹಾಕಿದರೆ ಬೈಯಬೇಡಿ, ಓ.ಆರ್.ಎಸ್. ಅಳತೆಯನ್ನು ಉತ್ತರವಾಗಿ ಕಳಿಸಿ. ಯಾರದೋ ಪ್ರವಾಸಕ್ಕೆ ಉಪಯೋಗವಾಗುತ್ತದೆ.