ಹಪ್ಪಳದ ಚೀಟಿಯಲ್ಲಿ ಎಷ್ಟು ಇಂಗ್ಲಿಷ್ ಹಿಡಿಸುತ್ತೆ?

“ಯಂಗೆ ಇಂಗ್ಲಿಷ್ ಬತ್ತಿಲ್ಲೆ, ನೀನೇ ಬರ್ದುಕೊಡು” ಅಂತ ಹುಲೇಕಲ್ಲಿನ ಅತ್ತಿಗೆ ಫೋನು ಮಾಡಿದ್ದಳು. ಪ್ರತಿ ಬೇಸಿಗೆ ಮನೆ ಮಟ್ಟಿಗೆ ಮಾಡುತ್ತಿದ್ದ ಹಲಸಿನ ಹಪ್ಪಳವನ್ನು ಈ ಸಲ ಬೆಂಗಳೂರು, ಪುಣೆಗೆಲ್ಲ ಕಳಿಸಿ ನಾಲ್ಕು ಕಾಸು ನೋಡೋಣ ಅನ್ನೋ ಯೋಚನೆ ಅವಳದು. ಪ್ಯಾಕೆಟ್ಟಿಗೆ ಅಂಟಿಸೋಕೆ ಚೀಟಿ ಬೇಕು. ಕನ್ನಡವೊಂದೇ ಇದ್ದರೆ ಸಾಲದು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಜೊತೆಗೆ ಬೇಕಾದರೆ ಕನ್ನಡ ಹಾಕಿಕೊಳ್ಳಬಹುದು. (ಇದು ಯಾವ ನ್ಯಾಯ ಅಂತ ನನಗೂ ಸಿಟ್ಟಿದೆ. ಆ ಜಗಳ ಇನ್ನೊಂದು ದಿನ ಆಡೋಣ.)

ನಾನು ಬರೆದುಕೊಡಲಿಲ್ಲ. ನೀನೇ ಬರಿ, ತಿದ್ದುತ್ತೇನೆ ಅಂದೆ. ಎರಡು ದಿನ ಬಿಟ್ಟು ಬಂದದ್ದು ಇದು: ‘ದಿಸ್ ಪಾಪಡ್ ಈಸ್ ಮೇಡ್ ಇನ್ ಅವರ್ ಓನ್ ಹೌಸ್, ಇಟ್ ಈಸ್ ಪುಟ್ ಇನ್ ದ ಸನ್ ಆಂಡ್ ಡ್ರೈಡ್, ವಿ ಡೋಂಟ್ ಪುಟ್ ಎನಿಥಿಂಗ್ ಫಾರ್ ನಾಟ್ ಗೋಯಿಂಗ್ ಬ್ಯಾಡ್.’

ನಗಬೇಡಿ. ಕೊನೆಯಲ್ಲಿ ಸ್ವಲ್ಪ ಎಡವಿದ್ದಾಳೆ, ಆದರೆ ಅರ್ಥ ಆಗದ ಮಾತು ಒಂದೂ ಇಲ್ಲ. ಅಂಗೈಯಗಲದ ಚೀಟಿಯಲ್ಲಿ ಇಷ್ಟು ಹಿಡಿಸೋದಿಲ್ಲ, ಅಷ್ಟೇ. ಹೋಮ್‌ಮೇಡ್. ಸನ್‌ಡ್ರೈಡ್. ನೋ ಪ್ರಿಸರ್ವೇಟಿವ್ಸ್. ಏನೇನು ಹಾಕಿದೆ ಅನ್ನೋ ಸಾಲಿಗೆ ಇನ್‌ಗ್ರೀಡಿಯೆಂಟ್ಸ್. ಮುಗೀತು.

“ಇದೆಲ್ಲ ಯಂಗೆ ಮೊದ್ಲೇ ಗೊತ್ತಿತ್ತು!” ಅಂದಳು.

ಹೌದು, ಗೊತ್ತಿತ್ತು. ನಿಮಗೂ ಗೊತ್ತು. ಕನ್ನಡ ಮಾತಾಡುವಾಗ ನಾವು “ಮಾವನವರು ಡಿಸ್ಚಾರ್ಜ್ ಆದ್ರು”, “ಮೀಟಿಂಗ್ ಪೋಸ್ಟ್‌ಪೋನ್ ಆಯ್ತು”, “ಪಾಸ್‌ಬುಕ್ಕಿಗೆ ನಾಮಿನಿ ಹಾಕಿಸಬೇಕು” ಅಂತ ಲೀಲಾಜಾಲವಾಗಿ ಹೇಳುತ್ತೇವೆ. ಅದೇ ಎದುರಿಗಿದ್ದವರು ಇಂಗ್ಲಿಷ್ ಶುರು ಮಾಡಿದರೆ ಸಾಕು, ಆ ಪದಗಳೆಲ್ಲ ಅಟ್ಟ ಹತ್ತಿ ಕೂರುತ್ತವೆ. ‘ಹಾಸ್ಪಿಟಲ್ ಪೀಪಲ್ ಸೆಂಟ್ ಹಿಮ್ ಹೋಮ್’ ಅಂತ ಸುತ್ತಿ ಬಳಸಿ ಹೊರಡುತ್ತೇವೆ. ತಲೆಯಲ್ಲಿ ಕನ್ನಡ ವಾಕ್ಯ ಕಟ್ಟಿ, ಒಂದೊಂದೇ ತುಂಡು ಬದಲಿಸುತ್ತಾ ಹೋಗೋದರ ಫಲ ಇದು. ವಾಕ್ಯ ಉದ್ದವಾದಷ್ಟೂ ತಪ್ಪಾಗುವ ಜಾಗ ಜಾಸ್ತಿ. ಒಂದು ತಪ್ಪು ಆಯಿತೋ, ಅಲ್ಲಿಗೆ ಬಾಯಿ ಬಂದ್.

ಹಾಗಾಗಿ ಒಂದು ಹಳೇ ನೋಟ್‌ಬುಕ್ ತಗೊಳ್ಳಿ. ಬ್ಯಾಂಕಿನಲ್ಲಿ, ಮಗನ ಕಾಲೇಜಿನವರ ಫೋನಿನಲ್ಲಿ, ಬೆಂಗಳೂರಿನ ಸೊಸೆಯ ತವರಿನವರ ಎದುರು ಎಲ್ಲಿ ತಡವರಿಸಿದಿರೋ ಆ ವಾಕ್ಯವನ್ನು ಹಾಗೇ ಬರೆದಿಡಿ. ಅದರ ಮುಂದೆ ಒಂದೇ ಪದ ಹುಡುಕಿ. ಕಾಯಿಲೆಯಿಂದ ಚೇತರಿಸಿಕೊಳ್ಳೋದು ರಿಕವರ್. ಕೊಟ್ಟ ದುಡ್ಡು ವಾಪಸ್ ಬರೋದು ರಿಫಂಡ್. ಹದಿನೈದು ದಿನ ಅನ್ನೋದಕ್ಕೆ ಫೋರ್ಟ್‌ನೈಟ್. ದಿನಕ್ಕೆ ಎರಡೇ ಪದ ಸಾಕು, ಆದರೆ ಅದೇ ದಿನ ಯಾರ ಹತ್ತಿರವಾದರೂ ಆಡಿಬಿಡಿ.

ಬ್ಯಾಂಕ್, ಸ್ಟಾಫ್ ಸೆಲೆಕ್ಷನ್ ಪರೀಕ್ಷೆಗೆ ಓದುವ ಹೆಣ್ಣುಮಕ್ಕಳ ಕಥೆ ಬೇರೆ. ‘ಒನ್ ವರ್ಡ್ ಸಬ್‌ಸ್ಟಿಟ್ಯೂಷನ್’ ಅಂತಲೇ ಅಲ್ಲಿ ಪ್ರಶ್ನೆ ಇರುತ್ತೆ, ಪಟ್ಟಿ ಉರು ಹೊಡೆಯಲೇಬೇಕು. ನಾಣ್ಯ ಸಂಗ್ರಹಿಸುವವ ನ್ಯೂಮಿಸ್ಮಾಟಿಸ್ಟ್, ರಾಜನನ್ನು ಕೊಲ್ಲೋದು ರೆಜಿಸೈಡ್! ಹುಲೇಕಲ್ ಪೇಟೆಯಲ್ಲಿ ನಮಗೆ ಅದರಿಂದ ಏನು ಆಗಬೇಕು ಹೇಳಿ?

ದೊಡ್ಡ ಪದ ಆಡಿದರೇ ಇಂಗ್ಲಿಷ್ ಅನ್ನೋ ಭ್ರಮೆಯೂ ಬೇಡ. ‘ಡ್ಯೂ ಟು ದ ಫ್ಯಾಕ್ಟ್ ದಟ್’ ಬದಲು ಬರೀ ‘ಬಿಕಾಸ್’ ಅಂದರೆ ಯಾವ ಮರ್ಯಾದೆಯೂ ಹೋಗೋದಿಲ್ಲ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲೇ ಇಂಗ್ಲಿಷಿನವರಿಗೆ ಇದೇ ಬುದ್ಧಿ ಹೇಳಿದ್ದ: ಚಿಕ್ಕ ಪದ ಇರುವಾಗ ಉದ್ದದ್ದು ಬೇಡ, ತೆಗೆಯಬಹುದಾದ ಪದವನ್ನು ತೆಗೆದುಬಿಡಿ.

ಇನ್ನು ಕೆಲವಕ್ಕೆ ಒಂದೇ ಪದ ಇಲ್ಲವೇ ಇಲ್ಲ. ನಮ್ಮ ‘ನಾಡಿದ್ದು’ ಇದೆಯಲ್ಲ, ಇಂಗ್ಲಿಷಿನವರು ಅದಕ್ಕೆ ನಾಲ್ಕು ಪದ ಖರ್ಚು ಮಾಡಬೇಕು. ‘ಕೊನೆಗೌಡ’ನಿಗೆ ಇಂಗ್ಲಿಷ್ ಹುಡುಕುತ್ತಾ ಕೂರಬೇಡಿ, ಮರ ಹತ್ತಿ ಅಡಿಕೆಗೊನೆ ಇಳಿಸುವವನು ಅಂತ ಬಿಡಿಸಿ ಹೇಳಿ. ಅವರ ‘ಅರೆಕಾ’ ಕೂಡ ಮಲಯಾಳದ ಅಡಕ್ಕದಿಂದ ಪೋರ್ಚುಗೀಸರ ಕೈದಾಟಿ ಹೋದದ್ದು, ನಮ್ಮ ಅಡಿಕೆಯ ನೆಂಟನೇ.

ಮಕ್ಕಳು ನಗುತ್ತಾರೆ ಅಂತ ಸುಮ್ಮನಾಗುವ ಅಮ್ಮಂದಿರೇ ಹೆಚ್ಚು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ನಾವು ಎಬಿಸಿಡಿ ತಿದ್ದಿದ್ದು ಐದನೇ ಕ್ಲಾಸಿನಲ್ಲಿ. ಅದನ್ನು ಅವರಿಗೆ ಹೇಳಿ, ನಗುವ ಮಗಳನ್ನೇ ಡಿಕ್ಷನರಿ ಮಾಡಿಕೊಳ್ಳಿ.

ಅತ್ತಿಗೆಯ ಚೀಟಿ ಅಚ್ಚಾಗಿ ಬಂತು. ಮೇಲೆ ದಪ್ಪಕ್ಷರದ ಕನ್ನಡದಲ್ಲಿ ‘ಹಲಸಿನ ಹಪ್ಪಳ’, ಕೆಳಗೆ ಇಂಗ್ಲಿಷಿನಲ್ಲೂ ಪಾಪಡ್ ಹೊಡೆದುಹಾಕಿ ‘ಹಪ್ಪಳ’ ಅಂತಲೇ ಬರೆಸಿದ್ದಾಳೆ. ಈಗ ತೊಡದೇವಿನ ಚೀಟಿಗೆ ಕೂತಿದ್ದಾಳೆ. ದಯವಿಟ್ಟು ಅದನ್ನು ಪ್ಯಾನ್‌ಕೇಕ್ ಅನ್ನಬೇಡ ಮಾರಾಯ್ತಿ ಅಂತ ಹೇಳಿಟ್ಟಿದ್ದೇನೆ.