ತಂತ್ರಾಂಶ ಮೊದಲು, ತೂಕ ಆಮೇಲೆ



ಆಟಿಯ ಜಡಿಮಳೆಯ ಒಂದು ಅಪರಾಹ್ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಡಬದ ಕಡೆಯಿಂದ ಪುತ್ತೂರಿಗೆ ಬಸ್ಸಿನಲ್ಲಿ ಬಂದು, ಬೈರಾಸಿನಲ್ಲಿ ಸುತ್ತಿ ತಂದಿದ್ದ ವಸ್ತುವೊಂದನ್ನು ಮಗುವನ್ನು ಮಲಗಿಸುವವನಂತೆ ನನ್ನ ಮೇಜಿನ ಮೇಲೆ ಮೆಲ್ಲನೆ ಇರಿಸಿದ. ಬಿಚ್ಚಿ ನೋಡಿದರೆ ಬೆಳ್ಳಿ ಬಣ್ಣದ, ಹದಿಮೂರು ಇಂಚಿನ, ಹೆಚ್ಚೆಂದರೆ ಒಂದೂಕಾಲು ಕಿಲೋ ತೂಗುವ ಲ್ಯಾಪ್‌ಟಾಪ್. ಮಗಳು ಘಟ್ಟದ ಮೇಲಿನ ಕಾಲೇಜೊಂದರಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಒಂದು ವರ್ಷದ ರಬ್ಬರ್ ಶೀಟಿನ ಹಣವೆಲ್ಲ ಅದಕ್ಕೆ ಹೋಗಿದೆ. "ಸರ್, ಇದರಲ್ಲಿ ಅವಳಿಗೆ ಬೇಕಾದದ್ದು ಒಂದೂ ನಡೆಯುವುದಿಲ್ಲವಂತೆ, ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಂತೆ" ಎಂದ. ಯಂತ್ರ ಕೆಟ್ಟಿರಲಿಲ್ಲ. ಅಂಥದ್ದೊಂದು ಯಂತ್ರ ಕೈಗೆ ಸಿಕ್ಕರೆ ಯಾರಿಗಾದರೂ ಸಂತೋಷವಾಗಬೇಕು. ಆದರೆ ಆ ಹುಡುಗಿಯ ಕೆಲಸಕ್ಕೆ ಅದು ಒದಗುವಂಥದ್ದಾಗಿರಲಿಲ್ಲ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಸಿಟ್ಟು ಕುಳಿತುಬಿಟ್ಟಿದೆ. ಅದನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ; ಮುದುಕನ ಗೊಣಗಾಟವೆಂದು ಬದಿಗೆ ಸರಿಸದೆ ಓದಿರಿ.

ಸುಳ್ಯದಲ್ಲಿ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜು 1986ರಲ್ಲಿ ಆರಂಭವಾಗುವ ಮೊದಲು ಈ ಸೀಮೆಯ ಹುಡುಗರು ಇಂಜಿನಿಯರಿಂಗ್ ಓದಬೇಕೆಂದರೆ ಸುರತ್ಕಲ್ಲಿಗೋ ಇನ್ನೂ ದೂರಕ್ಕೋ ಹೋಗಬೇಕಾಗಿತ್ತು. ಹಾಗೆ ಹೊರಟ ಹುಡುಗರ ಕೈಯಲ್ಲಿ ಕಾಲೇಜಿನಿಂದ ಬಂದ ಒಂದು ಚೀಟಿ ಇರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಡ್ರಾಯಿಂಗ್ ಬೋರ್ಡಿನ ಅಳತೆ ಇಷ್ಟು, ಟಿ-ಸ್ಕ್ವೇರ್ ಇಂಥದ್ದು, ಪೆನ್ಸಿಲು 2ಎಚ್ ಒಂದು, ಎಚ್‌ಬಿ ಒಂದು ಎಂದು ಅದರಲ್ಲಿ ಸ್ಪಷ್ಟವಾಗಿ ನಮೂದಾಗಿರುತ್ತಿತ್ತು. ಒಂದೆರಡು ರೂಪಾಯಿಯ ಪೆನ್ಸಿಲಿಗೂ ಅಷ್ಟು ಕರಾರುವಾಕ್ಕಾದ ಸೂಚನೆ! ಈಗ ಅರ್ಧ ಲಕ್ಷ, ಮುಕ್ಕಾಲು ಲಕ್ಷ ಸುರಿಯಬೇಕಾದ ಉಪಕರಣಕ್ಕೆ ಬರುವ ಸೂಚನೆ ಒಂದೇ ಸಾಲಿನದು, ಲ್ಯಾಪ್‌ಟಾಪ್ ಕಡ್ಡಾಯ ಎಂದು. ಸಮವಸ್ತ್ರದ ಬಣ್ಣ, ಬೂಟಿನ ಬಣ್ಣ, ಶುಲ್ಕದ ಕೊನೆಯ ದಿನಾಂಕ ಎಲ್ಲವನ್ನೂ ಅಚ್ಚು ಹಾಕಿಸುವವರಿಗೆ, ಮೂರನೆಯ ಸೆಮಿಸ್ಟರಿನಲ್ಲಿ ಯಾವ ತಂತ್ರಾಂಶ ಬೇಕು, ಐದನೆಯದರಲ್ಲಿ ಯಾವುದು ಬೇಕು ಎಂಬ ನಾಲ್ಕು ಸಾಲು ಸೇರಿಸಲು ಕಾಗದ ಸಾಲುವುದಿಲ್ಲವೇ? ಪಾಠ ಮಾಡುವವರಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ. ಹೇಳಬೇಕೆಂದು ತೋರುವುದಿಲ್ಲ, ಅಷ್ಟೇ. ನಾನೂ ಮೇಷ್ಟ್ರಾಗಿದ್ದವನು. ನಮ್ಮ ಕುಲದ ಈ ಉದಾಸೀನ ನನಗೆ ಹೊಸದಲ್ಲ.

ಅಂಗಡಿಗೆ ಹೋದರೆ ಅಲ್ಲಿನ ಹುಡುಗ ಕೇಳುವ ಮೊದಲ ಪ್ರಶ್ನೆ "ಬಜೆಟ್ ಎಷ್ಟು?" ಎಂಬುದು. "ಕೆಲಸ ಏನು?" ಎಂದು ಕೇಳಿದವನನ್ನು ನಾನು ಇನ್ನೂ ನೋಡಬೇಕಷ್ಟೆ. ಬಜೆಟ್ ಕೇಳಿದ ಮೇಲೆ ಬಣ್ಣ ತೋರಿಸುತ್ತಾನೆ, ಒಂದು ಬೆರಳಿನಲ್ಲಿ ಎತ್ತಿ ತೋರಿಸುತ್ತಾನೆ. ಹಗುರ ಎಂಬುದು ಕಣ್ಣಿಗೆ ಕಾಣುತ್ತದೆ, ಕೈಗೂ ತಿಳಿಯುತ್ತದೆ. ಒಳಗಿನ ಪ್ರೊಸೆಸರು ಯಾವ ಕುಲದ್ದು ಎಂಬುದು ಎರಡಕ್ಕೂ ತಿಳಿಯುವುದಿಲ್ಲ.

ಇತರರನ್ನು ದೂರುವ ಮುನ್ನ ನನ್ನ ಮೂರ್ಖತನವನ್ನೂ ಒಪ್ಪಿಸಿಬಿಡುತ್ತೇನೆ. 2007ರ ಕೊನೆಗೆ ಏಸುಸ್ ಕಂಪೆನಿಯ ಈ-ಪಿಸಿ ಎಂಬ ಪುಟಾಣಿ ಲ್ಯಾಪ್‌ಟಾಪ್ ಮಾರುಕಟ್ಟೆಗೆ ಬಂತು. ಏಳು ಇಂಚಿನ ಪರದೆ, ಒಂದು ಕಿಲೋಗಿಂತ ಕಡಿಮೆ ತೂಕ. ಮರುವರ್ಷ ಸೋದರಳಿಯ ವಿದೇಶದಿಂದ ಬರುವಾಗ ಅದೊಂದನ್ನು ತಂದುಕೊಟ್ಟ. ಊರೂರು ತಿರುಗಿ ಹಳೆಯ ವಿದ್ಯಾರ್ಥಿಗಳಿಂದ ಲೇಖನ ಸಂಗ್ರಹಿಸಿ, ಶಾಲೆಯ ಸ್ಮರಣ ಸಂಚಿಕೆಯನ್ನು ನಾನೇ ಪುಟ ಕಟ್ಟಿ ಮುಗಿಸುತ್ತೇನೆಂದು ಬೀಗಿದೆ. ಅದರಲ್ಲಿದ್ದುದು ಲಿನಕ್ಸ್, ನಾನು ಕಲಿತಿದ್ದ ಬರಹ, ನುಡಿ, ಪೇಜ್‌ಮೇಕರ್ ಮೂರೂ ವಿಂಡೋಸ್‌ನವು. ಪೇಟೆಯ ಹುಡುಗನೊಬ್ಬನನ್ನು ಹಿಡಿದು ವಿಂಡೋಸ್ ಹಾಕಿಸಿದೆ. ಒಟ್ಟು ಇದ್ದ ಜಾಗವೇ 4 ಜಿಬಿ. ವಿಂಡೋಸ್ ಕಾಲು ಚಾಚಿ ಮಲಗಿದ ಮೇಲೆ ಉಳಿದವರಿಗೆ ಚಾಪೆ ಹಾಸಲೂ ಸ್ಥಳವಿರಲಿಲ್ಲ. ಹೇಗೋ ತುರುಕಿದ್ದಾಯಿತು. ಪರದೆಯ ಎತ್ತರ 480 ಚುಕ್ಕಿ ಮಾತ್ರ. ತಂತ್ರಾಂಶ ಏನಾದರೂ ಪ್ರಶ್ನೆ ಕೇಳಿ ಚೌಕವೊಂದನ್ನು ತೆರೆದರೆ, 'ಸರಿ' ಎಂದು ಒತ್ತಬೇಕಾದ ಗುಂಡಿ ಪರದೆಯ ಕೆಳಗೆ, ಕಣ್ಣಿಗೆ ಕಾಣದ ಪಾತಾಳದಲ್ಲಿರುತ್ತಿತ್ತು. ಸಂಚಿಕೆಯನ್ನು ಕೊನೆಗೆ ಪುತ್ತೂರಿನ ಮುದ್ರಣಾಲಯದ ದೊಡ್ಡ ಗಣಕದಲ್ಲೇ ಕಟ್ಟಿದೆವು. ಆ ಪುಟಾಣಿ ಇಂದಿಗೂ ಕಪಾಟಿನಲ್ಲಿ ನುಸಿಗುಳಿಗೆಗಳ ನಡುವೆ ವಿಶ್ರಾಂತಿಯಲ್ಲಿದೆ. ಅಳಿಯನಿಗೆ ಈ ವಿಷಯ ಹೇಳಿರಲಿಲ್ಲ. ಈಗ ಓದಿ ತಿಳಿಯಲಿ.

ಹಾಗೆಂದು ಸಣ್ಣ ಲ್ಯಾಪ್‌ಟಾಪೇ ಬೇಡ ಎನ್ನುವವನು ನಾನಲ್ಲ. ಸುಬ್ರಹ್ಮಣ್ಯದ ಕಡೆಯಿಂದ ಕಡಬದ ಮೇಲಾಗಿ ಬರುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಕೊಡೆ ಹಿಡಿದು ನಿಂತವರಿಗೆ ಬೆನ್ನ ಮೇಲಿನ ಎರಡೂವರೆ ಕಿಲೋ, ಅದರ ಮೇಲೆ ಇಟ್ಟಿಗೆಯಂಥ ಚಾರ್ಜರು ಎಂದರೆ ಏನೆಂದು ಗೊತ್ತು. ಮಳೆಗಾಲದಲ್ಲಿ ಸುಳ್ಯದ ಕರೆಂಟಿನ ಕತೆ ಬಲ್ಲವರು ಬ್ಯಾಟರಿಯ ಬಾಳಿಕೆಯನ್ನು ಲಘುವಾಗಿ ಕಾಣುವುದಿಲ್ಲ. ಸಣ್ಣದು ಬೇಕು, ಹಗುರ ಬೇಕು, ಒಪ್ಪಿದೆ. ಆದರೆ ಅದು ಎರಡನೆಯ ಪ್ರಶ್ನೆ. ಕೊಳ್ಳುವ ಮೊದಲು ಹಾಳೆಯ ಮೇಲೆ ಬರೆಯಬೇಕಾದದ್ದು ತಂತ್ರಾಂಶದ ಹೆಸರು, ಅದರ ಆವೃತ್ತಿ. ಆಮೇಲೆ ಆ ತಂತ್ರಾಂಶದ ತಯಾರಕರೇ ಪ್ರಕಟಿಸಿರುವ ಅಗತ್ಯಗಳ ಪಟ್ಟಿಯನ್ನು ಓದಬೇಕು. ಅದರಲ್ಲೂ 'ಕನಿಷ್ಠ' ಎಂಬ ಸಾಲನ್ನಲ್ಲ, 'ಶಿಫಾರಸು' ಎಂಬ ಸಾಲನ್ನು. ಕನಿಷ್ಠ ಎಂದರೆ ಹಿಂದೆ ಪಾಸಾಗಲು ಬೇಕಿದ್ದ 35 ಅಂಕ. ಅಷ್ಟರಲ್ಲಿ ಬದುಕು ಸಾಗದೆಂದು ನಿಮಗೆ ನಾನೇ ಹೇಳಿದ್ದುಂಟು.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಆಟೋಕ್ಯಾಡ್‌ನ 2025ರ ಆವೃತ್ತಿಯ ಪಟ್ಟಿ ತೆಗೆದು ನೋಡಿದರೆ ಸ್ಮೃತಿ ಕನಿಷ್ಠ 8 ಜಿಬಿ, ಶಿಫಾರಸು 32 ಜಿಬಿ. ಅದರ ಪಕ್ಕದಲ್ಲೇ, ಆರ್ಮ್ ಪ್ರೊಸೆಸರುಗಳಿಗೆ ಬೆಂಬಲವಿಲ್ಲ ಎಂಬ ಮಾತು. ಅಪ್ಪ ತಂದಿದ್ದ ಬೆಳ್ಳಿಯ ಲ್ಯಾಪ್‌ಟಾಪಿನೊಳಗೆ ಕುಳಿತಿದ್ದುದು ಅದೇ ಆರ್ಮ್.

ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವಿದ್ಯಾವಂತರೇ ಇಲ್ಲಿ ಎಡವುತ್ತಿದ್ದಾರೆ. ವಿಂಡೋಸ್ ಲ್ಯಾಪ್‌ಟಾಪುಗಳ ಪ್ರೊಸೆಸರಿನಲ್ಲಿ ಈಗ ಎರಡು ಕುಲಗಳಿವೆ. ಇಂಟೆಲ್ ಮತ್ತು ಎಎಂಡಿ ಕಂಪೆನಿಗಳದು ಹಳೆಯ ಕುಲ. ದಶಕಗಳಿಂದ ವಿಂಡೋಸಿನ ತಂತ್ರಾಂಶಗಳೆಲ್ಲ ಆ ಭಾಷೆಯಲ್ಲೇ ಬರೆಯಲ್ಪಟ್ಟಿವೆ. ಇನ್ನೊಂದು ಆರ್ಮ್ ಕುಲ, ನಮ್ಮ ಮೊಬೈಲಿನೊಳಗಿನದು. 2024ರಲ್ಲಿ ಕ್ವಾಲ್‌ಕಾಮ್ ಕಂಪೆನಿಯ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಎಂಬ ಚಿಪ್ಪಿನೊಂದಿಗೆ ಇದು ತೆಳುವಾದ ವಿಂಡೋಸ್ ಲ್ಯಾಪ್‌ಟಾಪುಗಳಿಗೆ ದೊಡ್ಡ ಪ್ರಮಾಣದಲ್ಲಿ ಬಂತು. ಬಿಸಿಯಾಗುವುದು ಕಡಿಮೆ, ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಅದರ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಹಳೆಯ ಭಾಷೆಯ ತಂತ್ರಾಂಶ ಬಂದರೆ ಅಲ್ಲಿ ದುಭಾಷಿಯೊಬ್ಬ ಕುಳಿತು ಭಾಷಾಂತರಿಸುತ್ತಾನೆ. ಪತ್ರ ಬರೆಯಲು, ಲೆಕ್ಕದ ಹಾಳೆಗೆ ಅಷ್ಟು ಸಾಕು. ಆದರೆ ಯಂತ್ರದ ಬಿಡಿಭಾಗಗಳನ್ನು ನಡೆಸುವ ಡ್ರೈವರುಗಳಿಗೆ ದುಭಾಷಿಯಿಲ್ಲ. ಅವು ಆರ್ಮ್‌ಗೆಂದೇ ಬರೆದವಾಗಿರಬೇಕು. ಪರವಾನಗಿಗಾಗಿ ಬೀಗದ ತುಂಡೊಂದನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಮಾತ್ರ ತೆರೆದುಕೊಳ್ಳುವ ತಂತ್ರಾಂಶಗಳಿವೆಯಲ್ಲ (ಕನ್ನಡದ ಕೆಲವು ಮುದ್ರಣ ತಂತ್ರಾಂಶಗಳೂ ಆ ಜಾತಿಯವೇ), ಅವುಗಳ ಡ್ರೈವರು ಒಗ್ಗದಿದ್ದರೆ ಅಲ್ಲಿಗೆ ಮುಗಿಯಿತು.

ಮ್ಯಾಕ್ ಕೊಳ್ಳುವ ಶ್ರೀಮಂತರಿಗೂ ಒಂದು ಮಾತು. 2020ರಲ್ಲಿ ಆಪಲ್ ತನ್ನದೇ ಚಿಪ್ಪಿಗೆ ಹೊರಳಿತು. ಹಳೆಯ ಇಂಟೆಲ್ ಮ್ಯಾಕ್‌ಗಳಲ್ಲಿ ಮಾಡಿದಂತೆ ಆ ಹೊಸ ಚಿಪ್ಪಿನವುಗಳಲ್ಲಿ ಪಕ್ಕದಲ್ಲಿ ವಿಂಡೋಸ್ ಸ್ಥಾಪಿಸಿಕೊಳ್ಳಲು ಬರುವುದಿಲ್ಲ. ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿಯಿದೆ ನಿಜ. ರೆವಿಟ್, ಈಟ್ಯಾಬ್ಸ್ ವಿಂಡೋಸ್‌ಗೆ ಮಾತ್ರ ಇರುವಂಥವು. ತೋಟ, ಜಾಗಗಳ ನಕ್ಷೆ ಮಾಡುವ ಕ್ಯೂಜಿಐಎಸ್ ಮಾತ್ರ ಉದಾರಿ: ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

"ಈಗ ಎಲ್ಲವೂ ಬ್ರೌಸರಿನಲ್ಲೇ ನಡೆಯುತ್ತದೆ ಮಾವ, ಯಂತ್ರ ಯಾವುದಾದರೇನು?" ಎಂದು ಬೆಂಗಳೂರಿನ ಬಂಧುವೊಬ್ಬರು ನನಗೆ ಪಾಠ ಹೇಳಿದರು. ಅವರ ಮನೆಯಲ್ಲಿ ನಡೆಯುತ್ತಿರಬಹುದು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಗ್ರಾಮವೊಂದರಲ್ಲಿ, ಸುರಿವ ಮಳೆಯಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳ ತಲೆಯ ಮೇಲೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಆಮೇಲೆ ಕೆಲವೆಡೆ ಟವರು ಬಂದಿದೆ. ಆದರೂ ಗುಡುಗು ಬಂದೊಡನೆ ಕರೆಂಟು, ಕರೆಂಟಿನ ಹಿಂದೆಯೇ ನೆಟ್ಟು ಹೋಗುವ ಮನೆಗಳು ಈ ಮೂರು ತಾಲೂಕುಗಳಲ್ಲಿ ಎಷ್ಟಿವೆಯೆಂದು ಅವರೊಮ್ಮೆ ಆಟಿಯಲ್ಲಿ ಬಂದು ಎಣಿಸಲಿ. ಮರುದಿನ ಒಪ್ಪಿಸಬೇಕಾದ ನಕ್ಷೆಯನ್ನು ಬ್ರೌಸರನ್ನು ನಂಬಿ ಕುಳಿತು ಮಾಡಲಾಗುವುದಿಲ್ಲ.

ಇನ್ನು ಅಗ್ಗದ ಸಣ್ಣ ಯಂತ್ರಗಳು. 4 ಜಿಬಿ ಸ್ಮೃತಿ, 64 ಜಿಬಿ ಜಾಗ ಎಂದಿದ್ದರೆ ಮುಟ್ಟಬೇಡಿ. ಅದು ವಿಂಡೋಸ್ 11 ಒಂದಕ್ಕೇ ಬೇಕಾದ ಕನಿಷ್ಠ ಅಳತೆ. ಕೆಲವುಗಳಲ್ಲಿ 'ಎಸ್ ಮೋಡ್' ಎಂಬ ಬೇಲಿಯಿರುತ್ತದೆ, ಮೈಕ್ರೋಸಾಫ್ಟಿನ ಅಂಗಡಿಯ ತಂತ್ರಾಂಶಗಳನ್ನಷ್ಟೇ ಒಳಗೆ ಬಿಡುತ್ತದೆ. ಅದನ್ನು ಹಣ ಕೊಡದೆ ತೆಗೆಯಬಹುದು. ತೆಗೆದ ಮೇಲೆ ಹಿಂದಿರುಗಲಾಗದು, ಹಿಂದಿರುಗುವ ಅಗತ್ಯವೂ ಇಲ್ಲ. ಬಹುತೇಕ ತೆಳು ಯಂತ್ರಗಳಲ್ಲಿ ಸ್ಮೃತಿಯನ್ನು ಹಲಗೆಗೇ ಬೆಸೆದಿರುತ್ತಾರೆ. ಮೊದಲು 8 ಕೊಂಡು ಆಮೇಲೆ 16 ಮಾಡಿಸೋಣವೆಂಬ ನಮ್ಮ ಹಳೆಯ ಸಂಸಾರಿ ಲೆಕ್ಕ ಅಲ್ಲಿ ನಡೆಯದು.

ನನ್ನ ಅಭಿಪ್ರಾಯ ಕೇಳಿದರೆ, ಇಂಥ ಓದಿಗೆ ಹೊಸ ಹೊಳಪಿನ ತೆಳು ಯಂತ್ರಕ್ಕಿಂತ, ಕಚೇರಿಗಳ ಬಳಕೆಗೆಂದೇ ಮಾಡಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ನಂಥವುಗಳಲ್ಲಿ ಎರಡು ಮೂರು ವರ್ಷ ಹಳೆಯದೊಂದು ಲೇಸು. ಹದಿನಾಲ್ಕು ಇಂಚು, ಇಂಟೆಲ್ ಅಥವಾ ಎಎಂಡಿ, ಸ್ಮೃತಿ ಹೆಚ್ಚಿಸಲು ಅವಕಾಶವಿರುವ ಮಾದರಿಯನ್ನು ಹುಡುಕಬೇಕು, ಬ್ಯಾಟರಿಯನ್ನು ಪರೀಕ್ಷಿಸಿಯೇ ಕೊಳ್ಳಬೇಕು. ದೊಡ್ಡ ಮೂರು ಆಯಾಮದ ಕೆಲಸಗಳಿದ್ದರೆ ಯಾವ ಸಣ್ಣ ಲ್ಯಾಪ್‌ಟಾಪೂ ಸಾಲದು. ಅದಕ್ಕೆ ಮನೆಯಲ್ಲಿ ಮೇಜಿನ ಗಣಕವೇ ಸರಿ. 'ಸೆಕೆಂಡ್ ಹ್ಯಾಂಡ್' ಎಂದೊಡನೆ ಮೂಗು ಮುರಿಯುವವರು ತಮ್ಮ ಜೀಪು ಎಷ್ಟನೆಯ ಕೈಯದೆಂದು ನೆನೆದುಕೊಳ್ಳಲಿ.

ಆ ಬೆಳ್ಳಿಯ ಲ್ಯಾಪ್‌ಟಾಪನ್ನು ಬರವಣಿಗೆ, ಪತ್ರವ್ಯವಹಾರದ ಕೆಲಸವಿರುವ ಅವರ ಸಂಬಂಧಿಕರೊಬ್ಬರು ಒಂದಿಷ್ಟು ನಷ್ಟದಲ್ಲಿ ಕೊಂಡರು. ಅವರಿಗೆ ಅದು ಬಹಳ ಚೆನ್ನಾಗಿ ಒದಗಿದೆಯಂತೆ. ಹುಡುಗಿಗೆ ಹಳೆಯದೊಂದು ಬಂತು, ಕರಿಯದು, ಮೊದಲಿನದಕ್ಕಿಂತ ಕಾಲು ಕಿಲೋ ಹೆಚ್ಚು. ಕಳೆದ ರಜೆಯಲ್ಲಿ ಅವಳು ತಮ್ಮ ಮನೆಯ ಅಡಿಕೆ ಒಣಗಿಸುವ ಮಾಡಿನ ನಕ್ಷೆಯನ್ನು ಅದರಲ್ಲೇ ಬರೆದು ನನಗೂ ಕಳುಹಿಸಿದಳು. ಪಡುವಣ ಗಾಳಿಮಳೆಗೆ ಇಳಿಜಾರು ಸಾಲದು ಎಂದು ತಿದ್ದಿ ಹಿಂದಿರುಗಿಸಿದ್ದೇನೆ.

ಮುಂದಿನ ಪ್ರವೇಶಾತಿಯ ಹೊತ್ತಿಗೆ ನನ್ನಲ್ಲಿ ಕೇಳಲು ಬರುವವರಿದ್ದರೆ ದಯವಿಟ್ಟು ಜಾಹೀರಾತಿನ ತುಣುಕು ತರಬೇಡಿ. ಕಾಲೇಜಿಗೆ ಫೋನು ಮಾಡಿ, ನಾಲ್ಕೂ ವರ್ಷಕ್ಕೆ ಬೇಕಾಗುವ ತಂತ್ರಾಂಶಗಳ ಹೆಸರು ಬರೆದುಕೊಂಡು ಬನ್ನಿ. ಅವರು ಹೇಳದಿದ್ದರೆ ಹೇಳುವವರೆಗೆ ಕೇಳಿ. ಮಧ್ಯಾಹ್ನ ಮೂರರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ.